ಅಂಕ ಕೇಳಬೇಕಾದ್ದು ಪಟ್ಟಿಯನ್ನಲ್ಲ, ಗೀತಾಳನ್ನು

ನಾಲ್ಕು ಮಕ್ಕಳ ಗಣಿತದ ಅಂಕಗಳು ಒಂದು ಹಾಳೆಯಲ್ಲಿವೆ. ರವಿಗೆ 58, ಗೀತಾಳಿಗೆ 91, ಸಲೀಮನಿಗೆ 74, ಆನಂದನಿಗೆ 43. ಇವನ್ನು ಕಂಪ್ಯೂಟರಿಗೆ ಊಡಿಸುವ ಕೆಲಸ, ಈಗಷ್ಟೇ ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಹುಡುಗನೊಬ್ಬನ ಪಾಲಿಗೆ ಬಂತೆಂದು ಇಟ್ಟುಕೊಳ್ಳಿ. ಅವನು ಎರಡು ಪಟ್ಟಿ ಮಾಡುತ್ತಾನೆ. ಒಂದರಲ್ಲಿ ಬರೀ ಹೆಸರುಗಳು, ಇನ್ನೊಂದರಲ್ಲಿ ಅದೇ ಕ್ರಮದಲ್ಲಿ ಬರೀ ಅಂಕಗಳು. ಎರಡನೆಯ ಹೆಸರಿನ ಅಂಕ ಬೇಕೇ? ಎರಡನೆಯ ಅಂಕ ನೋಡಿದರಾಯಿತು. ಲೆಕ್ಕ ಸರಿಯಾಗಿಯೇ ಇದೆ.

ಮೇಷ್ಟ್ರು ಬಂದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎನ್ನುತ್ತಾರೆ. ಹುಡುಗ ಹೆಸರಿನ ಪಟ್ಟಿಗೆ ಆಜ್ಞೆ ಕೊಡುತ್ತಾನೆ. ಕಣ್ಣು ಮಿಟುಕಿಸುವುದರೊಳಗೆ ಆನಂದ, ಗೀತಾ, ರವಿ, ಸಲೀಮ್ ಎಂದು ಸಾಲು ಸಿದ್ಧ. ಆದರೆ ಅಂಕಗಳ ಪಟ್ಟಿ ಕದಲಿಲ್ಲ. ಅದು 58, 91, 74, 43 ಎಂದೇ ಕುಳಿತಿದೆ. ಈಗ ಓದಿದರೆ ಆನಂದನಿಗೆ 58, ರವಿಗೆ 74, ಸಲೀಮನಿಗೆ 43! ಒಬ್ಬನ ಶ್ರಮ ಇನ್ನೊಬ್ಬನ ಹೆಸರಿಗೆ ಹೋಯಿತು.

ಇದರಲ್ಲಿ ಇನ್ನೂ ಭಯಪಡಿಸುವ ಸಂಗತಿಯೊಂದಿದೆ. ಒಟ್ಟು ಕೂಡಿ ನೋಡಿ, ಮೊದಲಿನಂತೆ 266 ಬರುತ್ತದೆ. ಸರಾಸರಿ 66.5, ಅದೂ ಸರಿ. ಮೊದಲ ಸ್ಥಾನ ಗೀತಾಳದ್ದೇ. ಏಕೆಂದರೆ ಹಳೆಯ ಸಾಲಿನಲ್ಲೂ ಹೊಸ ಸಾಲಿನಲ್ಲೂ ಅವಳು ಎರಡನೆಯವಳು. ಅವಳೊಬ್ಬಳನ್ನು ಪರೀಕ್ಷಿಸಿದವರು ಎಲ್ಲವೂ ಸರಿಯಾಗಿದೆ ಎಂದೇ ಸಹಿ ಹಾಕುತ್ತಾರೆ. ಮೂವರ ಅಂಕ ತಪ್ಪಾಗಿದ್ದರೂ ಕಂಪ್ಯೂಟರ್ ತುಟಿ ಪಿಟಕ್ಕೆನ್ನುವುದಿಲ್ಲ.

ಕಚೇರಿಗಳಲ್ಲಿ ಎಕ್ಸೆಲ್ ಹಾಳೆಗಳೊಡನೆ ಏಗುವ ತಂದೆತಾಯಿಯರಿಗೆ ಈ ಅಪಾಯ ಹೊಸದಲ್ಲ. ಒಂದೇ ಕಂಬಸಾಲನ್ನು ಆಯ್ದು ಕ್ರಮಗೊಳಿಸಲು ಹೊರಟರೆ, ಪಕ್ಕದಲ್ಲೂ ಮಾಹಿತಿ ಇದೆ, ಅದನ್ನೂ ಸೇರಿಸಿಕೊಳ್ಳಲೇ ಎಂದು ಎಕ್ಸೆಲ್ ಎಚ್ಚರಿಸುತ್ತದೆ. ಪ್ರೋಗ್ರಾಂ ಬರೆಯುವವನಿಗೆ ಹಾಗೆ ಎಚ್ಚರಿಸುವವರು ಯಾರೂ ಇಲ್ಲ. ಅವನು ಮಾಹಿತಿಯನ್ನು ಇಡುವ ಬಗೆಯಲ್ಲೇ ಎಚ್ಚರವಿರಬೇಕು.

ಒಬ್ಬರದೆಲ್ಲ ಒಂದೇ ಕಡೆ

ಪರಿಹಾರ ಸರಳವಾಗಿದೆ. ಒಬ್ಬರಿಗೆ ಸೇರಿದ ಮಾಹಿತಿಯೆಲ್ಲ ಒಟ್ಟಿಗಿರಬೇಕು. ಎಲ್ಲಿ ಹೋದರೂ ಒಟ್ಟಿಗೇ ಹೋಗಬೇಕು. ಈ ವಿವೇಕ ಕಂಪ್ಯೂಟರಿಗಿಂತ ಹಳೆಯದು. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ತೂತು ಕೊರೆದ ರಟ್ಟಿನ ಕಾರ್ಡುಗಳನ್ನು ಬಳಸಿದ. ಒಬ್ಬ ಮನುಷ್ಯನಿಗೆ ಒಂದು ಕಾರ್ಡು. ವಯಸ್ಸು, ಲಿಂಗ, ಹುಟ್ಟಿದ ನಾಡು ಎಲ್ಲವೂ ಅದೇ ಕಾರ್ಡಿನ ಗೊತ್ತಾದ ಜಾಗಗಳಲ್ಲಿ ತೂತುಗಳಾಗಿ ಕುಳಿತವು. 6 ಕೋಟಿಗೂ ಮೀರಿದ ಜನರ ಕಾರ್ಡುಗಳನ್ನು ಯಾವ ಕ್ರಮದಲ್ಲಿ ಕಲಸಿದರೂ ಒಬ್ಬನ ವಯಸ್ಸು ಇನ್ನೊಬ್ಬನಿಗೆ ಅಂಟಿಕೊಳ್ಳುವಂತಿರಲಿಲ್ಲ.

ಇಂದಿನ ಪ್ರೋಗ್ರಾಂ ಭಾಷೆಗಳಲ್ಲಿ ಈ ಕಾರ್ಡಿನ ಜಾಗದಲ್ಲಿ ನಿಂತಿರುವುದೇ ಆಬ್ಜೆಕ್ಟ್, ಅಂದರೆ ವಸ್ತು. ಅದರೊಳಗಿನ ಒಂದೊಂದು ವಿವರವೂ ಒಂದೊಂದು ಪ್ರಾಪರ್ಟಿ, ಅಂದರೆ ಗುಣ. ಗುಣಕ್ಕೆ ಒಂದು ಹೆಸರಿರುತ್ತದೆ, ಒಂದು ಬೆಲೆ ಇರುತ್ತದೆ. 'ಅಂಕ' ಎಂಬುದು ಗುಣದ ಹೆಸರಾದರೆ 91 ಅದರ ಬೆಲೆ. ಇಂಥ ವಸ್ತುಗಳನ್ನು ಸಾಲಾಗಿ ನಿಲ್ಲಿಸಿದರೆ ಅದು ಲಿಸ್ಟ್, ಅಂದರೆ ಪಟ್ಟಿ.

ಪೈಥಾನ್ ಭಾಷೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನೆದರ್ಲೆಂಡ್ಸಿನ ಗೀಡೋ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆ ಇಂದು ಸಿ.ಬಿ.ಎಸ್.ಇ. 11 ಮತ್ತು 12ನೇ ತರಗತಿಗಳ ಕಂಪ್ಯೂಟರ್ ವಿಜ್ಞಾನದ ಪಠ್ಯದಲ್ಲಿದೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ, ವಸ್ತುಗಳಿಗೂ ಗುಣಗಳಿಗೂ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಭಾಷೆಯ ಸ್ವಂತ ಆಜ್ಞಾಪದಗಳು ಮಾತ್ರ ಇಂಗ್ಲಿಷಿನವು. 'ವಿದ್ಯಾರ್ಥಿ' ಎಂಬ ಅಚ್ಚನ್ನು ಮೊದಲೇ ಸಿದ್ಧಪಡಿಸಿಕೊಂಡರೆ, ನಮ್ಮ ನಾಲ್ವರ ಪಟ್ಟಿ ಹೀಗಾಗುತ್ತದೆ:

ತರಗತಿ = [ವಿದ್ಯಾರ್ಥಿ("ರವಿ", 58), ವಿದ್ಯಾರ್ಥಿ("ಗೀತಾ", 91), ವಿದ್ಯಾರ್ಥಿ("ಸಲೀಮ್", 74), ವಿದ್ಯಾರ್ಥಿ("ಆನಂದ", 43)]

ಈಗ ಹೆಸರಿನ ಪ್ರಕಾರ ಸಾಲನ್ನು ಎಷ್ಟು ಸಲ ಬದಲಿಸಿದರೂ ಚಿಂತೆಯಿಲ್ಲ. ಸಲೀಮ್ ಎಲ್ಲಿ ಹೋಗಿ ನಿಂತರೂ ತನ್ನ 74ನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾನೆ.

ಎಡವುವ ಮೊದಲ ಮೆಟ್ಟಿಲು

ಮಾಹಿತಿ ಇಟ್ಟದ್ದಾಯಿತು. ತೆಗೆಯುವುದು ಹೇಗೆ? ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಅವರು 'ತರಗತಿ.ಅಂಕ' ಎಂದು ಬರೆಯುತ್ತಾರೆ. ಪೈಥಾನ್ ತಕ್ಷಣ ಕೆಲಸ ನಿಲ್ಲಿಸಿ ಅಟ್ರಿಬ್ಯೂಟ್ ಎರರ್ ಎಂಬ ದೂರು ಮುಂದಿಡುತ್ತದೆ. ಪಟ್ಟಿ ಎಂಬ ವಸ್ತುವಿಗೆ 'ಅಂಕ' ಎಂಬ ಗುಣವೇ ಇಲ್ಲ ಎಂಬುದು ಅದರ ತಾತ್ಪರ್ಯ.

ಯಂತ್ರ ಹೇಳುವುದರಲ್ಲಿ ತಪ್ಪೇನಿದೆ? ಹಾಜರಿ ಪುಸ್ತಕವನ್ನು ಕೈಗೆತ್ತಿಕೊಂಡು "ನಿನಗೆ ಗಣಿತದಲ್ಲಿ ಎಷ್ಟು?" ಎಂದು ಕೇಳಿದರೆ ಪುಸ್ತಕ ಏನು ಹೇಳೀತು? ಪರೀಕ್ಷೆ ಬರೆದದ್ದು ಪುಸ್ತಕವಲ್ಲ, ಅದರಲ್ಲಿ ಹೆಸರಿರುವ ಮಕ್ಕಳು. ಪಟ್ಟಿಗೂ ತನ್ನದೇ ಆದ ಸಂಗತಿಗಳುಂಟು. ತನ್ನಲ್ಲಿ ಎಷ್ಟು ಮಂದಿ ಇದ್ದಾರೆ, ಯಾರು ಎಷ್ಟನೆಯವರು ಎಂಬುದನ್ನು ಅದು ಬಲ್ಲದು. ಅಂಕ ಮಾತ್ರ ಒಳಗೆ ನಿಂತವರದು. ಆದ್ದರಿಂದ ಹೆಜ್ಜೆಗಳು ಎರಡು. ಮೊದಲು ಪಟ್ಟಿಯಿಂದ ಒಬ್ಬರನ್ನು ಆರಿಸಬೇಕು, ಆಮೇಲೆ ಅವರನ್ನು ಅಂಕ ಕೇಳಬೇಕು:

ತರಗತಿ[1].ಅಂಕ

ಉತ್ತರ 91. ಚೌಕ ಕಂಸ ಆರಿಸುತ್ತದೆ, ಚುಕ್ಕಿ ಕೇಳುತ್ತದೆ.

ಕನ್ನಡ ವ್ಯಾಕರಣ ಓದಿದ ಮಕ್ಕಳಿಗೆ ಇದು ಇನ್ನೂ ಸುಲಭವಾಗಬೇಕು. ಸಪ್ತಮೀ ವಿಭಕ್ತಿಯ ಪ್ರತ್ಯಯ 'ಅಲ್ಲಿ', ಷಷ್ಠಿಯದು 'ಅ'. ಮೇಲಿನ ಸಾಲನ್ನು ಎಡದಿಂದ ಬಲಕ್ಕೆ ಓದಿ: ತರಗತಿಯಲ್ಲಿ, 1ನೇ ಸ್ಥಾನದವಳ, ಅಂಕ. ಚೌಕ ಕಂಸವೇ ಸಪ್ತಮಿ, ಚುಕ್ಕಿಯೇ ಷಷ್ಠಿ! ಕನ್ನಡದಲ್ಲಿ ಒಡೆಯನ ಹೆಸರು ಮೊದಲು ಬರುತ್ತದೆ, ಒಡೆತನದ ವಸ್ತು ಆಮೇಲೆ. 'ಗೀತಾಳ ಅಂಕ' ಎನ್ನುತ್ತೇವೆಯೇ ಹೊರತು ಅದನ್ನು ತಿರುವುಮುರುವು ಮಾಡುವುದಿಲ್ಲ. ಚುಕ್ಕಿಯ ಬರವಣಿಗೆಯೂ ಅದೇ ಕ್ರಮದ್ದು. 1959ರಲ್ಲಿ ಅಮೆರಿಕದಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಯಲ್ಲಾದರೋ ಇಂಗ್ಲಿಷಿನ ಜಾಯಮಾನಕ್ಕೆ ತಕ್ಕಂತೆ 'ಮಾರ್ಕ್ಸ್ ಆಫ್ ಸ್ಟೂಡೆಂಟ್' ಎಂದು ಗುಣವನ್ನೇ ಮುಂದಿಟ್ಟು ಬರೆಯಬೇಕಿತ್ತು. ಈ ಒಂದು ವಿಷಯದಲ್ಲಿ ಕನ್ನಡದ ಮಗುವಿಗೆ ಚುಕ್ಕಿಯ ದಾರಿ ಮನೆಯ ದಾರಿಯಂತೆಯೇ ಇದೆ.

ಸೇತುವೆಯ ಮುಂದಿನ ಸಾಲು

ಈ ಚುಕ್ಕಿಯ ಕಥೆಯಲ್ಲಿ ನಾರ್ವೆಯ ರಾಜಧಾನಿ ಓಸ್ಲೋಗೆ ದೊಡ್ಡ ಪಾತ್ರವಿದೆ. ಅಲ್ಲಿನ ನಾರ್ವೀಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ 1960ರ ದಶಕದಲ್ಲಿ ಕ್ರಿಸ್ಟನ್ ನೈಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್ ಎಂಬ ಇಬ್ಬರು, ನಿಜಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅಣಕು ಮಾಡಿ ನೋಡುವ ಭಾಷೆಯೊಂದನ್ನು ಕಟ್ಟುತ್ತಿದ್ದರು. ಅವರು ಎದುರಿಗಿಟ್ಟುಕೊಂಡ ಉದಾಹರಣೆಗಳಲ್ಲೊಂದು ಸುಂಕದ ಸೇತುವೆ. ಸುಂಕದ ಕಟ್ಟೆಯ ಮುಂದೆ ಲಾರಿ, ಬಸ್ಸು, ಕಾರುಗಳು ಸಾಲುಗಟ್ಟಿವೆ. ಸಾಲಿನಲ್ಲಿ ನಿಲ್ಲುವುದು ಎಲ್ಲಕ್ಕೂ ಸಮಾನ. ಆದರೆ ಲಾರಿಯ ವಿವರ ಲಾರಿಯದು, ಬಸ್ಸಿನ ವಿವರ ಬಸ್ಸಿನದು.

ಇಂಗ್ಲೆಂಡಿನ ಟೋನಿ ಹೋರ್ 1965ರಲ್ಲಿ, ಒಂದು ವಸ್ತುವಿನ ವಿವರಗಳನ್ನೆಲ್ಲ ಒಂದೇ ದಾಖಲೆಯಾಗಿ ಕಟ್ಟುವ ಕ್ರಮವನ್ನು ವಿವರಿಸಿ ಬರೆದಿದ್ದರು. ಆ ವಿಚಾರ ಓಸ್ಲೋದವರಿಗೆ ದಾರಿ ತೋರಿತು. 1967ರಲ್ಲಿ ಹೊರಬಂದ ಸಿಮುಲಾ 67 ಭಾಷೆಯಲ್ಲಿ ಕ್ಲಾಸ್ ಇತ್ತು, ಆಬ್ಜೆಕ್ಟ್ ಇತ್ತು, ವಸ್ತುವಿನ ಗುಣಕ್ಕೆ 'ಅಟ್ರಿಬ್ಯೂಟ್' ಎಂಬ ಹೆಸರಿತ್ತು. ಗುಣವನ್ನು ಮುಟ್ಟಲು ಚುಕ್ಕಿಯೂ ಇತ್ತು. ಸಿಮುಲಾವನ್ನು ಬಳಸಿದ ಅನುಭವದಿಂದಲೇ ಬ್ಯಾರ್ನೆ ಸ್ಟ್ರೌಸ್ಟ್ರಪ್ ಮುಂದೆ ಸಿ++ ಭಾಷೆಯನ್ನು ಕಟ್ಟಿದರು. 1995ರ ಜಾವಾ ಇದೇ ಬಳಗದ್ದು. ಡಾಲ್ ಮತ್ತು ನೈಗಾರ್ಡ್ ಅವರಿಗೆ 2001ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2002ರಲ್ಲಿ ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಇಂದು ಪೈಥಾನ್ ಕೊಡುವ ದೂರಿನಲ್ಲಿ ಕಾಣುವ 'ಅಟ್ರಿಬ್ಯೂಟ್' ಎಂಬ ಪದ ಅವರು ಬಿಟ್ಟುಹೋದ ಗುರುತು.

ಎರಡನೆಯವಳಿಗೆ 1 ಏಕೆ?

ಗೀತಾ ಸಾಲಿನಲ್ಲಿ ಎರಡನೆಯವಳು. ಆದರೂ 'ತರಗತಿ[1]' ಎಂದು ಬರೆದದ್ದೇಕೆ? ಪೈಥಾನ್, ಜಾವಾ, ಸಿ ಮೊದಲಾದ ಭಾಷೆಗಳಲ್ಲಿ ಎಣಿಕೆ ಸೊನ್ನೆಯಿಂದ ಆರಂಭ. ಕೋಬಾಲಿನಲ್ಲಿ ಹಾಗಿಲ್ಲ, ಅಲ್ಲಿ ಒಂದರಿಂದಲೇ. ಇದು ಬರೀ ಹಟವಲ್ಲ. ಕಂಸದೊಳಗಿನ ಅಂಕಿ "ಎಷ್ಟನೆಯವರು" ಎಂದು ಹೇಳುವುದಿಲ್ಲ, "ಆರಂಭದಿಂದ ಎಷ್ಟು ಹೆಜ್ಜೆ ದೂರ" ಎಂದು ಹೇಳುತ್ತದೆ. ಮೊದಲನೆಯವನು ಆರಂಭದಲ್ಲೇ ನಿಂತಿದ್ದಾನೆ, ಆದ್ದರಿಂದ ಅವನ ದೂರ ಸೊನ್ನೆ.

ಸಿ ಭಾಷೆಯ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬ ವಿದ್ಯಾರ್ಥಿಯ ದಾಖಲೆಯಲ್ಲಿ ಹೆಸರಿಗೆ 32 ಬೈಟ್, ಕ್ರಮಸಂಖ್ಯೆಗೆ 4, ಅಂಕಕ್ಕೆ 4, ಒಟ್ಟು 40 ಬೈಟ್ ಎನ್ನಿ. ಸಾಲು ಕಂಪ್ಯೂಟರಿನ ಸ್ಮರಣೆಯಲ್ಲಿ 1000ನೇ ವಿಳಾಸದಿಂದ ಶುರುವಾಗಿದೆ. ಗೀತಾಳ ಅಂಕ ಬೇಕೆಂದರೆ ಯಂತ್ರ 1000ಕ್ಕೆ 1 ಸಲ 40 ಕೂಡಿಸಿ ಅವಳ ದಾಖಲೆಯ ಹೊಸ್ತಿಲಿಗೆ ಬರುತ್ತದೆ. ಅಲ್ಲಿಂದ ಹೆಸರು ಮತ್ತು ಕ್ರಮಸಂಖ್ಯೆಯ 36 ಬೈಟ್ ದಾಟಿ 1076ನೇ ವಿಳಾಸದಲ್ಲಿ ಅಂಕವನ್ನು ಓದುತ್ತದೆ. ಕಂಸದ ಕೆಲಸ ಮೊದಲ ಜಿಗಿತ, ಚುಕ್ಕಿಯ ಕೆಲಸ ಎರಡನೆಯದು. ರವಿಗಾದರೆ 40ರ ಜಿಗಿತವೇ ಬೇಡ, ನೇರವಾಗಿ 1036.

45 ಮಕ್ಕಳ ತರಗತಿಯಲ್ಲಿ ಕೊನೆಯವರ ಸಂಖ್ಯೆ 44. ಅಭ್ಯಾಸಬಲದಿಂದ 45 ಎಂದು ಬರೆದರೆ, ಸೂಚಿ ಪಟ್ಟಿಯ ಎಲ್ಲೆ ಮೀರಿದೆ ಎಂದು ಪೈಥಾನ್ ಗದರಿಸುತ್ತದೆ. ಕೊನೆಯವರೇ ಬೇಕಿದ್ದರೆ ಲೆಕ್ಕ ಹಾಕುವ ತೊಂದರೆಯಿಲ್ಲದೆ 'ತರಗತಿ[-1]' ಎಂದರೆ ಸಾಕು.

ಎಲ್ಲರ ಅಂಕವೂ ಬೇಕಾದಾಗ

ಒಬ್ಬೊಬ್ಬರನ್ನೇ ಸಂಖ್ಯೆ ಹೇಳಿ ಕರೆಯುವುದು 45 ಮಕ್ಕಳ ತರಗತಿಯಲ್ಲಿ ಆಗದ ಮಾತು. ಅದಕ್ಕೇ ಲೂಪ್, ಅಂದರೆ ಸುತ್ತು ಇರುವುದು. ಮೇಷ್ಟ್ರು ಹಾಜರಿ ಕೂಗಿದಂತೆ ಅದು ಸಾಲಿನ ಪ್ರತಿಯೊಬ್ಬರ ಮುಂದೆಯೂ ಹೋಗಿ ನಿಲ್ಲುತ್ತದೆ:

ಫಾರ್ ವಿ ಇನ್ ತರಗತಿ:
    ಪ್ರಿಂಟ್(ವಿ.ಹೆಸರು, ವಿ.ಅಂಕ)

ಇಲ್ಲಿ ಫಾರ್, ಇನ್, ಪ್ರಿಂಟ್ ಎಂಬವನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. 'ವಿ' ಎಂಬುದು ಆಯಾ ಸುತ್ತಿನಲ್ಲಿ ಎದುರು ನಿಂತ ವಿದ್ಯಾರ್ಥಿ. ಮೊದಲ ಸುತ್ತಿನಲ್ಲಿ ಅದು ರವಿ, ಎರಡನೆಯದರಲ್ಲಿ ಗೀತಾ. ಎಷ್ಟು ಸುತ್ತು ಬಂದರೂ ಪ್ರಶ್ನೆ ಹೋಗುವುದು 'ವಿ'ಗೆ, 'ತರಗತಿ'ಗಲ್ಲ ಎಂಬುದನ್ನು ಗಮನಿಸಬೇಕು.

ಪ್ರಿಂಟ್ ಆಜ್ಞೆಯಲ್ಲಿ ಗುಣವನ್ನು ಬಿಟ್ಟು ಬರೀ 'ವಿ' ಎಂದು ಬರೆದರೆ, ತೆರೆಯ ಮೇಲೆ ವಸ್ತುವಿನ ಜಾತಿಯೂ ಸ್ಮರಣೆಯ ವಿಳಾಸವೂ ಕಲೆತ ವಿಚಿತ್ರ ಅಕ್ಷರಗಳು ಮೂಡುತ್ತವೆ. ಎಷ್ಟೋ ಮಕ್ಕಳು ಇದನ್ನು ಕಂಡು ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಯಾರು ಎಂದು ಕೇಳಿದ್ದಕ್ಕೆ ಯಂತ್ರ ಮನೆಯ ವಿಳಾಸ ತೋರಿಸಿದೆ, ಅಷ್ಟೇ. ಯಾವ ಗುಣ ಬೇಕೆಂದು ಬಾಯಿಬಿಟ್ಟು ಹೇಳಬೇಕು.

ಇದೇ ರೀತಿಯ ಇನ್ನೊಂದು ಗೊಂದಲ ಗರಿಷ್ಠ ಅಂಕದ್ದು. "ಹೆಚ್ಚು ಅಂಕ ಎಷ್ಟು?" ಎಂಬುದೂ "ಹೆಚ್ಚು ಅಂಕ ಪಡೆದವರು ಯಾರು?" ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಅಂಕಗಳನ್ನು ಮಾತ್ರ ಹೆಕ್ಕಿ ದೊಡ್ಡದನ್ನು ಆರಿಸಿದರೆ 91 ಸಿಗುತ್ತದೆ, ಗೀತಾ ಸಿಗುವುದಿಲ್ಲ. ಅಂಕವನ್ನು ಅಳತೆಗೋಲಾಗಿ ಕೊಟ್ಟು ತರಗತಿಯಿಂದಲೇ ಆರಿಸಿದರೆ ಗೀತಾ ಎಂಬ ಇಡೀ ವಸ್ತುವೇ ಸಿಗುತ್ತದೆ. ಅವಳಿಂದ ಹೆಸರನ್ನೂ ಕೇಳಬಹುದು, ಅಂಕವನ್ನೂ ಕೇಳಬಹುದು. ಗುಣವನ್ನು ಆದಷ್ಟು ತಡವಾಗಿ ಒಡೆಯನಿಂದ ಬೇರ್ಪಡಿಸುವುದು ಒಳ್ಳೆಯ ಅಭ್ಯಾಸ.

ಖಾಲಿ ಕುರ್ಚಿಯ ಸಮಸ್ಯೆ

ಐದನೆಯವಳಾಗಿ ಮೇರಿ ಎಂಬ ಹುಡುಗಿ ತರಗತಿಗೆ ಸೇರಿದ್ದಾಳೆ, ಆದರೆ ಪರೀಕ್ಷೆಯ ದಿನ ಜ್ವರದಿಂದ ಮಲಗಿದ್ದಳು. ಅವಳ ಅಂಕವನ್ನು ಏನೆಂದು ಬರೆಯಬೇಕು? ಸೊನ್ನೆ ಎಂದು ಬರೆದರೆ ತರಗತಿಯ ಸರಾಸರಿ 66.5ರಿಂದ 53.2ಕ್ಕೆ ಕುಸಿಯುತ್ತದೆ. ಬರೆಯದಿರುವುದಕ್ಕೂ ಬರೆದು ಸೊನ್ನೆ ಪಡೆಯುವುದಕ್ಕೂ ವ್ಯತ್ಯಾಸವಿಲ್ಲವೇ? 'ಇಲ್ಲ' ಎಂಬುದನ್ನು ಸೂಚಿಸಲು ಪೈಥಾನಿನಲ್ಲಿ 'ನನ್' ಎಂಬ ವಿಶೇಷ ಬೆಲೆಯಿದೆ. ಅದನ್ನು ಇಟ್ಟರೆ ಕೂಡುವ ಮುನ್ನ ಪರೀಕ್ಷಿಸಿ ಬಿಟ್ಟುಬಿಡಬಹುದು.

ಅಂಕದ ಬದಲು ಪಟ್ಟಿಯ ಸ್ಥಾನವೇ 'ನನ್' ಆಗಿದ್ದರೆ ಪ್ರಕರಣ ಇನ್ನಷ್ಟು ಬಿಗಡಾಯಿಸುತ್ತದೆ. ಖಾಲಿ ಕುರ್ಚಿಯನ್ನು ಅಂಕ ಕೇಳಿದಂತೆ! ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಏನನ್ನೂ ತೋರದ ಈ 'ಶೂನ್ಯ ನಿರ್ದೇಶ'ವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ತಂದವರು ಮೇಲೆ ಹೇಳಿದ ಟೋನಿ ಹೋರ್ ಅವರೇ. ಲೋಕದ ಪ್ರೋಗ್ರಾಂಗಳಲ್ಲಿ ಅದು ತಂದ ತಾಪತ್ರಯಗಳನ್ನು ನೆನೆದು, 2009ರ ಭಾಷಣವೊಂದರಲ್ಲಿ ಅದನ್ನು ಅವರು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಒಪ್ಪಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರೇ ತಪ್ಪೊಪ್ಪಿಕೊಂಡಿರುವಾಗ, ಅದೇ ಕಲ್ಲಿಗೆ ಎಡವಿದ ಮಗು ನಾಚಿಕೊಳ್ಳಬೇಕಿಲ್ಲ.

ಸದ್ದಿಲ್ಲದ ತಪ್ಪುಗಳು

ಗದರಿಸುವ ತಪ್ಪಿಗಿಂತ ಮೌನವಾಗಿರುವ ತಪ್ಪು ಕೆಟ್ಟದ್ದು. ಗೀತಾಳ ಅಂಕವನ್ನು 93ಕ್ಕೆ ತಿದ್ದಬೇಕಾದಾಗ ಅವಸರದಲ್ಲಿ 'ಅಂಕ' ಎಂಬಲ್ಲಿ 'ಅಂಕಾ' ಎಂದು ಬೆರಳಚ್ಚಿಸಿದರೆ, ಸಾಧಾರಣ ಅಚ್ಚಿನ ವಸ್ತುವಿನಲ್ಲಿ ಪೈಥಾನ್ ಆಕ್ಷೇಪಿಸುವುದಿಲ್ಲ. 'ಅಂಕಾ' ಎಂಬ ಹೊಸ ಗುಣವನ್ನೇ ಹುಟ್ಟಿಸಿ ಅದರಲ್ಲಿ 93 ಇಡುತ್ತದೆ. ಹಳೆಯ 91 ಹಾಗೆಯೇ ಉಳಿಯುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಇಲ್ಲದ ಗುಣವನ್ನು ಓದಲು ಹೋದರೂ ಗದರಿಕೆಯಿಲ್ಲ. 'ನಿರೂಪಿಸಿಲ್ಲ' ಎಂಬರ್ಥದ ಅನ್‌ಡಿಫೈನ್ಡ್ ಎಂಬುದನ್ನು ಕೈಗಿತ್ತು ಸುಮ್ಮನಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸಿ ಭಾಷೆಯ ಸಾಲಿನಲ್ಲಿ ದಾಖಲೆಗಳೇ ಕುಳಿತಿದ್ದವು. ಪೈಥಾನಿನ ಪಟ್ಟಿಯಲ್ಲಿ ಇರುವುದು ವಸ್ತುಗಳ ವಿಳಾಸಗಳು ಮಾತ್ರ. ಆದ್ದರಿಂದ ಗೀತಾ 'ತರಗತಿ'ಯ ಪಟ್ಟಿಯಲ್ಲೂ 'ಚರ್ಚಾಕೂಟ'ದ ಪಟ್ಟಿಯಲ್ಲೂ ಏಕಕಾಲಕ್ಕೆ ಇರಬಹುದು. ಹಾಗಿದ್ದರೂ ಅವಳು ಒಬ್ಬಳೇ. ಒಂದು ಪಟ್ಟಿಯ ಮೂಲಕ ಅವಳ ಅಂಕ ತಿದ್ದಿದರೆ ಇನ್ನೊಂದರ ಮೂಲಕ ನೋಡಿದಾಗಲೂ ತಿದ್ದಿದ ಅಂಕವೇ ಕಾಣುತ್ತದೆ. ತಿಳಿದವರಿಗೆ ಇದು ಅನುಕೂಲ, ತಿಳಿಯದವರಿಗೆ ಒಗಟು.

ಶಾಲೆಯ ಪಾಠದಲ್ಲಿ ಎಷ್ಟೋ ಸಲ ಆಬ್ಜೆಕ್ಟಿಗೆ ಬದಲು ಡಿಕ್ಷನರಿ ಎಂಬ ರಚನೆ ಬರುತ್ತದೆ. ಆಗ ಚುಕ್ಕಿಯ ಜಾಗದಲ್ಲಿ ಇನ್ನೊಂದು ಕಂಸ: ತರಗತಿ[1]["ಅಂಕ"]. ಜಾವಾದಲ್ಲಿ ಗುಣಗಳನ್ನು ಮರೆಯಲ್ಲಿಟ್ಟು, ಕೇಳಿದರೆ ಮಾತ್ರ ಹೇಳುವ ಗೆಟರ್ ಎಂಬ ಬಾಗಿಲನ್ನು ಇಡುವುದು ರೂಢಿ. ವೇಷ ಬೇರೆಯಾದರೂ ಹೆಜ್ಜೆಗಳು ಅವೇ ಎರಡು. ಆರಿಸು, ಆಮೇಲೆ ಕೇಳು.

ಮನೆಯಲ್ಲೇ ಒಂದು ಆಟ

ಇದನ್ನು ಕಲಿಸಲು ಮನೆಯಲ್ಲಿ ಕಂಪ್ಯೂಟರ್ ಇರಲೇಬೇಕೆಂದಿಲ್ಲ, ತಂದೆತಾಯಿಗೆ ಪ್ರೋಗ್ರಾಂ ಗೊತ್ತಿರಬೇಕೆಂದೂ ಇಲ್ಲ. ನಾಲ್ಕು ಪೋಸ್ಟ್‌ಕಾರ್ಡ್ ಅಳತೆಯ ರಟ್ಟುಗಳ ಮೇಲೆ ಮನೆಯ ನಾಲ್ವರ ಹೆಸರು, ವಯಸ್ಸು, ಇಷ್ಟದ ತಿಂಡಿ ಬರೆದು ಮೇಜಿನ ಮೇಲೆ ಸಾಲಾಗಿಡಿ. ಸೊನ್ನೆಯಿಂದ ಎಣಿಸಿ, "ಮನೆ[2].ತಿಂಡಿ" ಎಂದು ಕೂಗಿ. ಮಗು ಮೂರನೆಯ ರಟ್ಟನ್ನು ಎತ್ತಿ "ಅಜ್ಜಿ, ಉಪ್ಪಿಟ್ಟು" ಎಂದರೆ ಗೆದ್ದಂತೆ. ಬೇಕೆಂದೇ "ಮನೆ.ತಿಂಡಿ" ಎಂದು ಕೇಳಿ ನೋಡಿ. "ಯಾರ ತಿಂಡಿ?" ಎಂದು ಮಗು ತಿರುಗಿ ಕೇಳಿದರೆ ಅಟ್ರಿಬ್ಯೂಟ್ ಎರರ್ ಅದಕ್ಕೆ ಅರ್ಥವಾಗಿದೆ ಎಂದೇ ಲೆಕ್ಕ. ರಟ್ಟುಗಳನ್ನು ಕಲಸಿ ಮತ್ತೆ ಜೋಡಿಸಿದರೂ ಅಜ್ಜಿಯ ಉಪ್ಪಿಟ್ಟು ಅಜ್ಜಿಯ ಬಳಿಯೇ ಇರುತ್ತದೆ.

ಕಂಪ್ಯೂಟರಿನ ಮುಂದೆ ಕುಳಿತಾಗ ಕೆಂಪಕ್ಷರಗಳ ದೂರು ಬಂದರೆ ಹೆದರಿ ಅಳಿಸಬೇಡಿ. ಪೈಥಾನಿನ ದೂರಿನಲ್ಲಿ ಕೊನೆಯ ಸಾಲನ್ನು ಮೊದಲು ಓದಬೇಕು. ಯಾವ ಜಾತಿಯ ವಸ್ತುವನ್ನು ಯಾವ ಗುಣ ಕೇಳಿದಿರಿ ಎಂಬುದು ಅಲ್ಲೇ ಇರುತ್ತದೆ. 'ಲಿಸ್ಟ್' ಎಂದಿದ್ದರೆ ಆರಿಸುವ ಹೆಜ್ಜೆ ಬಿಟ್ಟುಹೋಗಿದೆ. 'ನನ್‌ಟೈಪ್' ಎಂದಿದ್ದರೆ ಕುರ್ಚಿ ಖಾಲಿಯಿದೆ. 'ವಿದ್ಯಾರ್ಥಿ' ಎಂದಿದ್ದರೆ ಗುಣದ ಕಾಗುಣಿತ ನೋಡಿಕೊಳ್ಳಿ.

ಪರೀಕ್ಷಿಸುವಾಗ ಮಾತ್ರ ಗೀತಾಳೊಬ್ಬಳನ್ನು ನೋಡಿ ಎದ್ದುಬಿಡಬಾರದು. ಒಟ್ಟು ಮೊತ್ತ ಸರಿಬಂತೆಂದು ನೆಮ್ಮದಿಪಡಲೂಬಾರದು. ಸಾಲಿನ ಆನಂದನನ್ನೂ ಸಲೀಮನನ್ನೂ ಕರೆದು, ನಿನ್ನ ಅಂಕ ನಿನ್ನ ಬಳಿಯೇ ಇದೆಯೇ ಎಂದು ಕೇಳಬೇಕು. ಯಂತ್ರಕ್ಕೆ 74 ಒಂದು ಸಂಖ್ಯೆ. ಸಲೀಮನಿಗೆ ಅದು ಒಂದು ವರ್ಷದ ಓದು.